ಕನಾಲ್ ದ್ಯು ಮಿದಿ: ಇಳಿದು ನೋಡುವವರ ಸೈಕಲ್ ದಾರಿ

ದಕ್ಷಿಣ ಫ್ರಾನ್ಸಿನ ತುಲೂಸ್ ಊರಿನ ಮುಖ್ಯ ರೈಲು ನಿಲ್ದಾಣದಿಂದ ಹೊರಗೆ ಬಂದರೆ ಎದುರಿಗೇ ಕನಾಲ್ ದ್ಯು ಮಿದಿ ಎಂಬ ಕಾಲುವೆ. ಅಲ್ಲಿಂದ ದಂಡೆ ಹಿಡಿದು ಪೂರ್ವಕ್ಕೆ ಸೈಕಲ್ ತುಳಿಯುತ್ತಾ ಹೋದರೆ ಸುಮಾರು 240 ಕಿಲೋಮೀಟರ್ ಆಚೆ, ಮೆಡಿಟರೇನಿಯನ್ ಅಂಚಿನ ತೋ ಲಗೂನಿನಲ್ಲಿ ಕಾಲುವೆ ಮುಗಿಯುತ್ತದೆ. ಜೋರಾಗಿ ತುಳಿಯುವವರು ಮೂರೇ ದಿನಕ್ಕೆ ಮುಗಿಸುತ್ತಾರೆ. ಹಾಗೆ ಓಡಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಕಾಲುವೆಯಲ್ಲಿ ನೋಡಲೇಬೇಕಾದ ಬಹಳಷ್ಟು ಸಂಗತಿಗಳು ಸೈಕಲ್ ದಾರಿಯ ಕೆಳಗಿವೆ, ಇಲ್ಲವೇ ಪಕ್ಕದ ಗುಡ್ಡದ ಮೇಲಿವೆ. ಸೀಟಿನಿಂದ ಇಳಿಯದವರಿಗೆ ಅವು ಕಾಣುವುದಿಲ್ಲ.

ನಾನು ಮಂಡ್ಯ ಸೀಮೆಯವನು, ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಸೈಕಲ್ ಕಲಿತವನು. ನಮ್ಮ ನಾಲೆ ಕನ್ನಂಬಾಡಿಯಲ್ಲಿ ಹುಟ್ಟಿ, ಇಳಿಜಾರು ಹಿಡಿದು ಗದ್ದೆಗಳಿಗೆ ನೀರುಣಿಸುತ್ತದೆ. ಇದು ದೋಣಿ ಸಾಗಿಸುವುದಕ್ಕಾಗಿ ತೋಡಿದ ಕಾಲುವೆ. ಮಧ್ಯದ ದಿಣ್ಣೆಯಿಂದ ಪಶ್ಚಿಮಕ್ಕೆ ತುಲೂಸ್ ಕಡೆಗೂ ಪೂರ್ವಕ್ಕೆ ಸಮುದ್ರದ ಕಡೆಗೂ ಇಳಿಯುತ್ತದೆ. ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಎರಡೂ ತುದಿಗೆ ಬಾಗಿಲಿರುವ ತೊಟ್ಟಿಗೆ ಲಾಕ್ ಎನ್ನುತ್ತಾರೆ. ಒಂದೊಂದು ದೋಣಿ ಲಾಕ್ ದಾಟಿದಾಗಲೂ ಒಂದು ತೊಟ್ಟಿ ತುಂಬ ನೀರು ಕೆಳಕ್ಕೆ ಹೋಗುತ್ತದೆ. ಹಾಗಾದರೆ ಬಿರುಬೇಸಿಗೆಯಲ್ಲೂ ನೆತ್ತಿಗೆ ನೀರು ತರುವುದು ಎಲ್ಲಿಂದ? ಹಿಂದೆ ಈ ಕಾಲುವೆಯ ಕನಸು ಕಂಡವರೆಲ್ಲ ಸೋತದ್ದು ಈ ಪ್ರಶ್ನೆಯ ಮುಂದೆ. ಬಿಡಿಸಿದವನು ಪಿಯೆರ್ ಪಾಲ್ ರಿಕೆ, ಬೆಜಿಯೆ ಊರಿನವನು, ಉಪ್ಪಿನ ತೆರಿಗೆ ವಸೂಲಿಯ ಗುತ್ತಿಗೆದಾರ. ಎಂಜಿನಿಯರ್ ಅಲ್ಲ. ವಯಸ್ಸು ಐವತ್ತು ದಾಟಿತ್ತು. ಉತ್ತರದ ಮೊಂತಾಂಯ್ ನ್ವಾರ್ ಬೆಟ್ಟದ ಹೊಳೆಗಳನ್ನು ಹಿಡಿದು, ಸಾಂ ಫೆರಿಯೋಲ್‌ನಲ್ಲಿ ಅಣೆಕಟ್ಟು ಕಟ್ಟಿಸಿ, ತೋಡುಕಾಲುವೆಯಲ್ಲಿ ನೀರನ್ನು ನೋರೂಜ್ ಎಂಬ ನೆತ್ತಿಗೆ ತಂದ. ಮಂತ್ರಿ ಕೋಲ್ಬೆರ್ ಬೆನ್ನಿಗಿದ್ದ, ಹದಿನಾಲ್ಕನೇ ಲೂಯಿ 1666ರಲ್ಲಿ ಅಪ್ಪಣೆ ಕೊಟ್ಟ. ಕಾಲುವೆ ತೆರೆದದ್ದು 1681ರಲ್ಲಿ. ಅದಕ್ಕೆ ಕೆಲವೇ ತಿಂಗಳ ಹಿಂದೆ ರಿಕೆ ತೀರಿಕೊಂಡಿದ್ದ.

ತುಲೂಸ್‌ನಿಂದ ನೋರೂಜ್‌ಗೆ ಐವತ್ತು ಕಿಲೋಮೀಟರ್ ಚಿಲ್ಲರೆ. ದಾರಿಗೆ ಡಾಂಬರಿದೆ, ಏರು ಕಾಲಿಗೆ ಗೊತ್ತೇ ಆಗುವುದಿಲ್ಲ. ಸಮುದ್ರ ಮಟ್ಟದಿಂದ 189 ಮೀಟರ್ ಎತ್ತರದ ಈ ಜಾಗದಲ್ಲಿ ಹೆಚ್ಚಿನ ಸೈಕಲ್ಲಿಗರು ಫಲಕದ ಮುಂದೆ ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಮರಗಳ ಹಿಂದಕ್ಕೆ ನಡೆದು ಹೋಗಿ. ಅಲ್ಲಿ ಬೆಟ್ಟದ ನೀರು ಬಂದು ಸೇರುವ ಕಿರಿದಾದ ತೋಡು ಸಿಗುತ್ತದೆ. ಎರಡು ಹೆಜ್ಜೆ ಅಗಲದ ಆ ಹರಿವು ನಿಂತರೆ ಇಡೀ ಕಾಲುವೆ ನಿಂತಂತೆ. ನಾನು ಅಲ್ಲಿ ಊಟದ ಹೊತ್ತೆಲ್ಲ ಕೂತಿದ್ದೆ. ನಾಲೆ ಬಯಲಿನ ಮನುಷ್ಯನಿಗೆ ಅದಕ್ಕಿಂತ ದೊಡ್ಡ ನೋಟ ಬೇಕಿಲ್ಲ.

ನೋರೂಜ್ ಆಚೆಗೆ ಡಾಂಬರು ಮುಗಿದು ಮಣ್ಣು, ಜಲ್ಲಿ, ಅಲ್ಲಲ್ಲಿ ಬೇರುಗಳ ಉಬ್ಬು. ನನ್ನ ಸಾಧಾರಣ ಟೂರಿಂಗ್ ಸೈಕಲ್ಲಿಗೆ 40 ಮಿಲಿಮೀಟರ್ ಅಗಲದ ಟೈರ್ ಹಾಕಿ, ಗಾಳಿ ತುಸು ಕಡಿಮೆ ಬಿಟ್ಟಿದ್ದೆ. ರೋಡ್ ಬೈಕಿನ ಸಣಕಲು ಟೈರ್ ಇಲ್ಲಿ ಬೇಡ. ಗಾಳಿಯ ಲೆಕ್ಕವೂ ಮುಖ್ಯ. ಸೆರ್ಸ್ ಎಂಬ ಗಾಳಿ ವಾಯುವ್ಯದಿಂದ ಬೀಸಿ ಬೆನ್ನು ದೂಡುತ್ತದೆ, ಆಗ್ನೇಯದ ಓತಾನ್ ಎದುರಿಗೆ ಬಂದು ತಡೆಯುತ್ತದೆ. ಓತಾನ್ ಎದ್ದ ದಿನ ಹಠ ಮಾಡದೆ ಯಾವುದಾದರೂ ಊರಲ್ಲಿ ಉಳಿದುಬಿಡುವುದು ನನ್ನ ಪದ್ಧತಿ. ದಿನಕ್ಕೆ ನಲವತ್ತು ಕಿಲೋಮೀಟರಿಗಿಂತ ಹೆಚ್ಚಿನ ಯೋಜನೆ ಹಾಕಿಕೊಳ್ಳುವುದಿಲ್ಲ.

ಲಾಕ್ ಒಂದನ್ನು ಪೂರ್ತಿ ನೋಡಲು ಕಾಲು ಗಂಟೆ ಕೊಡಿ. ಇಲ್ಲಿನ ತೊಟ್ಟಿಗಳ ಗೋಡೆ ನೇರವಾಗಿಲ್ಲ, ಹೊಟ್ಟೆ ಉಬ್ಬಿದಂತೆ ಎರಡೂ ಕಡೆ ಬಾಗಿದೆ. ಶುರುವಿನಲ್ಲಿ ನೇರ ಗೋಡೆಯದ್ದೊಂದು ಮಣ್ಣಿನ ಒತ್ತಡಕ್ಕೆ ಕುಸಿದ ಮೇಲೆ ರಿಕೆ ಕಮಾನನ್ನು ಅಡ್ಡ ಮಲಗಿಸಿದಂತೆ ಕಟ್ಟಿಸಿದ. ಮೇಲಿನಿಂದ ದೋಣಿ ಒಳಗೆ ಬರುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ಕೆಳಗಿನ ಕಿಂಡಿ ತೆರೆದೊಡನೆ ನೀರು ಭೋರೆಂದು ಹೊರಡುತ್ತದೆ. ಪಾಚಿ ಹಿಡಿದ ಕಲ್ಲಿನ ಸಾಲು ಒಂದೊಂದಾಗಿ ಮೇಲೇಳುತ್ತದೆ. ದೋಣಿಯವರು ಹಗ್ಗವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾರೆ. ಎರಡೂ ಕಡೆ ನೀರು ಸಮವಾದ ಮೇಲೇ ಬಾಗಿಲು ಜರುಗುವುದು. ಮುನ್ನೂರೈವತ್ತು ವರ್ಷದ ಹಿಂದಿನ ಲೆಕ್ಕಾಚಾರ ಇವತ್ತಿಗೂ ಕಣ್ಣೆದುರು ನಡೆಯುತ್ತದೆ. ಇದನ್ನು ತೋಡಿದ ಸಾವಿರಾರು ಕೂಲಿಗಳಲ್ಲಿ ಹೆಂಗಸರೂ ಇದ್ದರು. ಮಳೆ ಬಂದ ದಿನಕ್ಕೂ ಹಬ್ಬದ ದಿನಕ್ಕೂ ರಿಕೆ ಸಂಬಳ ಕೊಡುತ್ತಿದ್ದ. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

ಕಾರ್ಕಾಸೋನ್ ಕೋಟೆಯ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ, ನಾನು ದಾಟಿ ಮುಂದೆ ಹೋಗುತ್ತೇನೆ. ಊರು ಬಿಟ್ಟೊಡನೆ ಮನಸ್ಸು ಭಾರವಾಗುವ ನೋಟವೊಂದಿದೆ. ಈ ಕಾಲುವೆಯೆಂದರೆ ಎರಡೂ ದಂಡೆಯ ಪ್ಲೇನ್ ಮರಗಳ ಚಪ್ಪರ ಎಂದೇ ಜಗತ್ತು ಬಲ್ಲದು. ಒಟ್ಟು 42,000ದಷ್ಟು ಮರಗಳಿದ್ದವು. 2006ರಲ್ಲಿ ಕಾರ್ಕಾಸೋನ್ ಬಳಿ ಅವಕ್ಕೆ ಶಿಲೀಂಧ್ರ ರೋಗ ತಗುಲಿರುವುದು ಪತ್ತೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ತಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಈ ರೋಗ ಯೂರೋಪಿಗೆ ಬಂತೆಂದು ಹೇಳುತ್ತಾರೆ. ಔಷಧಿಯಿಲ್ಲ. ನೀರಿನಲ್ಲಿ, ಬೇರಿನಲ್ಲಿ, ತೊಗಟೆಯ ಗಾಯದಲ್ಲಿ ಹರಡುತ್ತದೆ. ಕಡಿದು ಸುಡುವುದೊಂದೇ ದಾರಿಯಾಗಿ ಸಾವಿರಾರು ಮರಗಳು ಹೋಗಿವೆ. ತ್ರೆಬ್ ದಾಟಿದ ಮೇಲೆ ಮೈಲಿಗಟ್ಟಲೆ ಬೋಳು ದಂಡೆ, ಪಕ್ಕದಲ್ಲಿ ಕೋಲಿಗೆ ಕಟ್ಟಿದ ಬೇರೆ ಬೇರೆ ಜಾತಿಯ ಸಸಿಗಳು. ಈಗ ನೆಟ್ಟವರು ಅದರ ನೆರಳನ್ನು ಕಾಣಲಾರರು, ಆದರೂ ನೆಡುತ್ತಿದ್ದಾರೆ. ನೋಡಿ ಗಂಟಲು ಕಟ್ಟಿತು. ಪ್ರಯಾಣಿಕರಿಗೆ ಹೇಳಬೇಕಾದದ್ದು: ಹಳೆಯ ಫೋಟೋ ನಂಬಿ ನೆರಳಿದೆ ಎಂದುಕೊಳ್ಳಬೇಡಿ. ಟೋಪಿ, ಎರಡು ಬಾಟಲಿ ನೀರು ಕಡ್ಡಾಯ.

ದ್ರಾಕ್ಷಿ ಸೀಮೆಯ ನಿಜವಾದ ಸೊಗಸು ಇಲ್ಲಿಂದ. ಎಡಕ್ಕೆ ಮಿನೆರ್ವ್ವಾ, ಬಲಕ್ಕೆ ಕೊರ್ಬಿಯೆರ್. ನಾನು ಹೋಗಿದ್ದು ಸೆಪ್ಟೆಂಬರಿನಲ್ಲಿ, ಕೊಯ್ಲಿನ ಹೊತ್ತು. ಟ್ರೇಲರ್ ಹಾದು ಹೋದ ದಾರಿಯಲ್ಲೆಲ್ಲ ಕಪ್ಪು ರಸ ತೊಟ್ಟಿಕ್ಕಿ ಕಣಜಗಳು ಮುತ್ತಿದ್ದವು. ಊರಿನ ಸಹಕಾರಿ ವೈನರಿ ಹತ್ತಿರವಾದರೆ ಹುಳಿ ಬರುವ ದ್ರಾಕ್ಷಿಯ ವಾಸನೆ ಮೊದಲೇ ಮೂಗಿಗೆ ಬಡಿಯುತ್ತದೆ. ಓಂಪ್ಸ್ ಒಂದು ಕಾಲಕ್ಕೆ ವೈನ್ ಪೀಪಾಯಿಗಳನ್ನು ದೋಣಿಗೇರಿಸುತ್ತಿದ್ದ ಬಂದರು. ಅಲ್ಲಿ ಕಾರಿನ್ಯಾನ್, ಗ್ರೆನಾಶ್, ಸಿರಾ ತಳಿಗಳ ಕೆಂಪು ವೈನ್ ರುಚಿ ನೋಡಬಹುದು. ಬಾಯಲ್ಲಿ ಮುಕ್ಕಳಿಸಿ ಉಗಿಯುವುದು ಅಲ್ಲಿ ಮರ್ಯಾದೆಗೇಡಲ್ಲ, ಅದೇ ರೂಢಿ. ಫ್ರಾನ್ಸಿನಲ್ಲಿ ಕುಡಿದು ವಾಹನ ಓಡಿಸುವವರ ಮೇಲಿನ ಮಿತಿ, ಲೀಟರ್ ರಕ್ತಕ್ಕೆ 0.5 ಗ್ರಾಂ, ಸೈಕಲ್ ಸವಾರರಿಗೂ ಅನ್ವಯ. ಕುಡಿಯದವರಿಗೆ ಲೂಕ್ ಎಂಬ ಹಸಿರು ಆಲಿವ್ ಇದೆ, ಮೇಕೆ ಹಾಲಿನ ಚೀಸ್ ಇದೆ. ಸಸ್ಯಾಹಾರಿಗಳು ಮಧ್ಯಾಹ್ನಕ್ಕೆ ಮುಂಚೆಯೇ ಬ್ರೆಡ್ಡು, ಹಣ್ಣು ಕೊಂಡಿಟ್ಟುಕೊಳ್ಳಬೇಕು. ಹನ್ನೆರಡೂವರೆಗೆ ಬಾಗಿಲು ಹಾಕಿದ ಹಳ್ಳಿ ಅಂಗಡಿ ಸಂಜೆಯವರೆಗೂ ತೆರೆಯದಿರಬಹುದು.

ಆರ್ಜಾನ್ಸ್‌ನಿಂದ ಬೆಜಿಯೆ ತನಕ ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ಒಂದೇ ಒಂದು ಲಾಕ್ ಇಲ್ಲ. ಕಾಲುವೆ ಒಂದೇ ಮಟ್ಟ ಬಿಡದೆ ಗುಡ್ಡಗಳ ಅಂಚಿಗೆ ಅಂಟಿಕೊಂಡು ಸುತ್ತಿ ಸುತ್ತಿ ಹೋಗುತ್ತದೆ. ಅರ್ಧ ಗಂಟೆ ತುಳಿದರೂ ಕಣ್ಣೆದುರಿನ ಅದೇ ಚರ್ಚಿನ ಗೋಪುರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಇಡೀ ಕಾಲುವೆಯಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು. ಪರಾಜಾ ಬಳಿ ರೆಪುದ್ರ್ ಹಳ್ಳದ ಮೇಲೆ ಒಂದೇ ಕಮಾನಿನ ಜಲಸೇತುವೆ ಇದೆ, 1676ರದ್ದು. ಮೇಲಿನಿಂದ ಏನೂ ತಿಳಿಯದು. ಹಳ್ಳಕ್ಕಿಳಿದು ತಲೆಯೆತ್ತಿದರೆ ದೋಣಿ ಹೋಗುವ ಕಾಲುವೆ ನೆತ್ತಿಯ ಮೇಲೆ. ಮುಂದೆ ಲ ಸೊಮಾಯ್, ಆಮೇಲೆ ಆರ್ಜೆಲಿಯೆ. ಆರ್ಜೆಲಿಯೆಯಲ್ಲಿ ನಿಲ್ಲಿ. 1907ರಲ್ಲಿ ಸಕ್ಕರೆ ಬೆರೆಸಿದ ನಕಲಿ ವೈನಿನಿಂದಲೂ ಬೆಲೆ ಕುಸಿತದಿಂದಲೂ ನೊಂದ ದ್ರಾಕ್ಷಿ ಬೆಳೆಗಾರರ ಬಂಡಾಯ ಹೊರಟದ್ದು ಈ ಹಳ್ಳಿಯಿಂದ. ಮುಂದಾಳು ಮಾರ್ಸೆಲಾಂ ಆಲ್ಬೆರ್, ಇಲ್ಲಿಯೇ ಕೆಫೆ ನಡೆಸುತ್ತಿದ್ದವನು. 87 ಜನರ ಜಾಥಾ ಮೂರೇ ತಿಂಗಳಲ್ಲಿ ಲಕ್ಷಾಂತರ ಜನರ ಸಭೆಯಾಯಿತು. ಕಬ್ಬಿನ ಬೆಲೆಗೆ ರಸ್ತೆಗಿಳಿಯುವ ನಮ್ಮೂರಿನವರಿಗೆ ಈ ಕತೆ ವಿವರಿಸಬೇಕಾಗಿಲ್ಲ.

ಕಾಪೆಸ್ತಾಂಗ್ ಕಳೆದು ಬರುವ ಮಾಲ್ಪಾ ಗುಡ್ಡವನ್ನು ಕಾಲುವೆ ಸುಮಾರು 165 ಮೀಟರ್ ಸುರಂಗದಲ್ಲಿ ದಾಟುತ್ತದೆ. ದೋಣಿಗಾಗಿ ಕೊರೆದ ಯೂರೋಪಿನ ಮೊದಲ ಸುರಂಗ, 1679ರದ್ದು. ಅದರ ಕೆಳಗೆ ರೈಲು ಸುರಂಗ, ಅದಕ್ಕೂ ಕೆಳಗೆ ಮೊಂತಾದಿಯ ಕೆರೆ ನೀರು ಬಸಿಯಲು ಹದಿಮೂರನೇ ಶತಮಾನದಲ್ಲಿ ಕೊರೆದ ಕಂಡಿ. ಸೈಕಲ್ ದಾರಿ ಗುಡ್ಡದ ಮೇಲೆ ಹತ್ತುತ್ತದೆ. ಪಕ್ಕದ ಆನ್ಸೆರೂನ್ ದಿಬ್ಬಕ್ಕೆ ಹೋಗಿ ನೋಡಿದರೆ ಬತ್ತಿಸಿದ ಆ ಕೆರೆಯಂಗಳದ ಹೊಲಗಳು ಗಾಡಿಯ ಚಕ್ರದ ಅರೆಕಾಲುಗಳಂತೆ ನಡುವಿನಿಂದ ಹೊರಚಾಚಿವೆ. ಆ ಏರು ಕಡಿದಾದದ್ದು, ಸೈಕಲ್ ತಳ್ಳಿಕೊಂಡೇ ಹತ್ತಿದೆ. ಎಷ್ಟು ಬೆವರು ಸುರಿಸಿದರೂ ನಷ್ಟವಿಲ್ಲ.

ಬೆಜಿಯೆಗೆ ಇಳಿಯುವ ಮುನ್ನ ಫೋನ್ಸೆರಾನ್ ಮೆಟ್ಟಿಲು ಲಾಕುಗಳು, ಒಂದರ ಕೆಳಗೊಂದು. 21 ಮೀಟರಿಗೂ ಹೆಚ್ಚಿನ ಇಳಿತ. ಇಲ್ಲಿ ಸಂತೆಯ ಗದ್ದಲ, ಬೆಳಗ್ಗೆ ಬೇಗ ಬಂದರೆ ಒಳ್ಳೆಯದು. ಬೆಜಿಯೆಯ ನಂತರ ಬಯಲು, ಉಪ್ಪುಗಾಳಿ, ಆಗ್ದ್‌ನ ದುಂಡನೆಯ ಲಾಕ್. ಕಾಲುವೆ ಲೇ ಓಂಗ್ಲೂ ದೀಪಸ್ತಂಭದ ಬಳಿ ಲಗೂನಿಗೆ ಸೇರುತ್ತದೆ. ಅಲ್ಲಿಂದ ಸಮುದ್ರ ಮತ್ತು ಲಗೂನಿನ ನಡುವಿನ ಮರಳ ಪಟ್ಟಿಯ ಮೇಲೆ ಒಳ್ಳೆಯ ಸೈಕಲ್ ದಾರಿ ಸೆತ್ ಊರಿನವರೆಗೂ ಇದೆ. ಸೆತ್‌ನಿಂದ ತುಲೂಸ್‌ಗೆ ಸೈಕಲ್ ಸಮೇತ ರೈಲಿನಲ್ಲಿ ಮರಳಬಹುದು. ಬೇಸಿಗೆಯಲ್ಲಿ ಬೋಗಿಯ ಸೈಕಲ್ ಜಾಗ ಬೇಗ ತುಂಬುತ್ತದೆ, ಬೆಳಗಿನ ಗಾಡಿ ಹಿಡಿಯಿರಿ. ಸಮಯ ಕಡಿಮೆಯಿದ್ದವರು ಕಾರ್ಕಾಸೋನ್‌ವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಬೆಜಿಯೆವರೆಗಷ್ಟೇ ತುಳಿಯಲಿ. ಇಡೀ ಕಾಲುವೆಯನ್ನು ಓಡಿ ಮುಗಿಸುವುದಕ್ಕಿಂತ ಅದು ಎಷ್ಟೋ ಮೇಲು.