ಹಿಂದಿನ ಡಿಸ್ಕ್ ಬ್ರೇಕ್ ಪ್ಯಾಡ್ ಬದಲಿಸುವುದು: ಪಿಸ್ಟನ್ ಒತ್ತಬೇಡಿ, ತಿರುಗಿಸಿ

ಮುಂದಿನ ಚಕ್ರದ ಪ್ಯಾಡ್ ಬದಲಿಸಿ ಕೈ ಪಳಗಿದವರೂ ಹಿಂದಿನ ಚಕ್ರಕ್ಕೆ ಬಂದಾಗ ಒಂದೇ ಜಾಗದಲ್ಲಿ ಎಡವುತ್ತಾರೆ. ಹಳೆ ಪ್ಯಾಡ್ ಸುಲಭವಾಗಿ ಹೊರಬರುತ್ತದೆ, ಆದರೆ ಹೊಸದಕ್ಕೆ ಜಾಗ ಮಾಡಲು ಪ್ಯಾಡನ್ನು ಡಿಸ್ಕಿಗೆ ದೂಡುವ ಪಿಸ್ಟನ್ ಒಳಗೆ ಸರಿಯುವುದಿಲ್ಲ. ಕ್ಲ್ಯಾಂಪ್ ಹಾಕಿ ಬಲವಾಗಿ ಒತ್ತಿದರೆ ಒಳಗಿನ ಭಾಗ ಹಾಳಾಗಿ, ಪ್ಯಾಡಿನ ಜೊತೆ ಕ್ಯಾಲಿಪರ್ (ಪಿಸ್ಟನ್ ಮತ್ತು ಪ್ಯಾಡುಗಳನ್ನು ಡಿಸ್ಕಿನ ಮೇಲೆ ಹಿಡಿದಿರುವ ಭಾಗ) ಕೂಡ ಹೊಸದು ತರಬೇಕಾಗುತ್ತದೆ.

ಇದಕ್ಕೆ ಕಾರಣ ಹ್ಯಾಂಡ್ ಬ್ರೇಕ್. ಸ್ಕೋಡಾ ಲಾರಾದಂಥ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಕೇಬಲ್ ನೇರವಾಗಿ ಹಿಂದಿನ ಕ್ಯಾಲಿಪರಿಗೇ ಬರುತ್ತದೆ. ಕ್ಯಾಲಿಪರ್ ಬೆನ್ನಿನ ಲಿವರ್ ತಿರುಗಿದಾಗ ಒಳಗಿನ ಥ್ರೆಡ್ ಇರುವ ಸರಳು ಪಿಸ್ಟನ್ನನ್ನು ಮುಂದಕ್ಕೆ ದೂಡುತ್ತದೆ. ಪ್ಯಾಡ್ ಸವೆದಂತೆ ಅದೇ ಥ್ರೆಡ್ ಮೇಲಿನ ನಟ್ ತಾನಾಗಿಯೇ ಮುಂದೆ ಸರಿದು, ಹ್ಯಾಂಡ್ ಬ್ರೇಕ್ ಸಡಿಲವಾಗದಂತೆ ನೋಡಿಕೊಳ್ಳುತ್ತದೆ. ಹೀಗೆ ತಿರುಗುತ್ತಾ ಹೊರಬಂದದ್ದನ್ನು ತಿರುಗಿಸಿಯೇ ಒಳಗೆ ಕಳಿಸಬೇಕು. ಪಿಸ್ಟನ್ ಮುಖದಲ್ಲಿ ಎರಡು ಅಥವಾ ನಾಲ್ಕು ಕಚ್ಚು ಕಂಡರೆ ಅದು ಈ ಜಾತಿಯದು. ಕೇಬಲ್ ಕ್ಯಾಲಿಪರಿಗೆ ಬರದೆ ಡಿಸ್ಕಿನ ಹಿಂಬದಿಗೆ ಹೋಗಿದ್ದರೆ ಹ್ಯಾಂಡ್ ಬ್ರೇಕಿಗೆ ಡಿಸ್ಕಿನ ನಡುವೆ ಬೇರೆಯೇ ಡ್ರಮ್ ಇರುತ್ತದೆ. ಅಲ್ಲಿ ಪಿಸ್ಟನ್ ನೇರವಾಗಿ ಒತ್ತಬಹುದು.

ಬಟನ್ ಹ್ಯಾಂಡ್ ಬ್ರೇಕ್ ಇರುವ ಹೊಸ ಕಾರುಗಳ ಕ್ಯಾಲಿಪರ್ ಮೇಲೆ ಮೋಟಾರ್ ಕೂತಿರುತ್ತದೆ. ಅದನ್ನು ಮೊದಲು ಸ್ಕ್ಯಾನರ್ ಮೂಲಕ, ಅಥವಾ ಆ ಕಾರಿನ ಕೈಪಿಡಿಯಲ್ಲಿ ಹೇಳಿದ ವಿಧಾನದಲ್ಲಿ, ಸರ್ವಿಸ್ ಮೋಡಿಗೆ, ಅಂದರೆ ಮೋಟಾರ್ ಪಿಸ್ಟನ್ ಮೇಲಿನ ಹಿಡಿತ ಬಿಟ್ಟು ಹಿಂದೆ ಸರಿದು ನಿಲ್ಲುವ ಸ್ಥಿತಿಗೆ, ತರಬೇಕು. ಹಾಗೆ ಮಾಡದೆ ಆ ಕ್ಯಾಲಿಪರ್ ಬಿಚ್ಚಲೇಬೇಡಿ. ಮುಂದಿನ ವಿವರ ಕೇಬಲ್ ಇರುವ ಲಾರಾಕ್ಕೆ.

ಬೇಕಾದದ್ದು: ಎರಡೂ ಹಿಂದಿನ ಚಕ್ರಕ್ಕೆ ಸೇರಿ ನಾಲ್ಕು ಪ್ಯಾಡಿನ ಒಂದು ಸೆಟ್, ಹೊಸ ಕ್ಯಾಲಿಪರ್ ಬೋಲ್ಟ್, ಪಿಸ್ಟನ್ ತಿರುಗಿಸುವ ಟೂಲ್, 13ರ ಸಾಕೆಟ್, 15ರ ತೆಳು ಪಾನಾ, ಚಕ್ರಕ್ಕೆ 17ರ ಸಾಕೆಟ್, ಟಾರ್ಕ್ ವ್ರೆಂಚ್, ವೈರ್ ಬ್ರಷ್, ಬ್ರೇಕ್ ಕ್ಲೀನರ್, ಸಿಲಿಕೋನ್ ಗ್ರೀಸ್, ತಂತಿ ತುಂಡು, ಜಾಕ್ ಸ್ಟ್ಯಾಂಡ್. ಒಂದು ಕಡೆಯ ಪ್ಯಾಡ್ ಮಾತ್ರ ಬದಲಿಸಿ ದುಡ್ಡು ಉಳಿಸಲು ಹೋಗಬೇಡಿ, ಬ್ರೇಕ್ ಒಂದು ಪಕ್ಕಕ್ಕೆ ಎಳೆಯುತ್ತದೆ.

ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿರಲೇಬೇಕಾದ್ದರಿಂದ ಮೊದಲ ಗೇರಿಗೆ ಹಾಕಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಗಟ್ಟಿ ಕಲ್ಲು ಕೊಡಿ. ಚಕ್ರದ ಬೋಲ್ಟುಗಳನ್ನು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಎತ್ತಿ, ಸ್ಟ್ಯಾಂಡ್ ಕೊಟ್ಟು ಚಕ್ರ ಬಿಚ್ಚಿ. ಬರಿಯ ಜಾಕ್ ನಂಬಿ ಕೆಲಸ ಮಾಡಬಾರದು. ಒಂದು ಬದಿ ಪೂರ್ತಿ ಮುಗಿಸಿಯೇ ಇನ್ನೊಂದಕ್ಕೆ ಹೋಗಿ. ಬಿಚ್ಚದ ಬದಿ ಯಾವುದು ಎಲ್ಲಿತ್ತು ಎಂದು ನೋಡಿಕೊಳ್ಳಲು ಮಾದರಿಯಾಗಿ ಇರುತ್ತದೆ.

ಬಾನೆಟ್ ತೆಗೆದು ಬ್ರೇಕ್ ಆಯಿಲ್ ಮಟ್ಟ ನೋಡಿ. ಪಿಸ್ಟನ್ ಒಳಗೆ ಹೋದಾಗ ಆಯಿಲ್ ಡಬ್ಬಿಗೆ ಮರಳಿ ಏರುತ್ತದೆ. ಮೊದಲೇ ಮೇಲಿನ ಗೆರೆವರೆಗೆ ತುಂಬಿದ್ದರೆ ಸ್ವಲ್ಪ ಹೀರಿ ತೆಗೆಯಿರಿ. ಚೆಲ್ಲಿದರೆ ಪೇಂಟ್ ತಿನ್ನುತ್ತದೆ, ತಕ್ಷಣ ನೀರು ಹಾಕಿ ತೊಳೆಯಿರಿ.

ಈಗ ಕ್ಯಾಲಿಪರ್. ಒಳಗಿನ ಗೈಡ್ ಪಿನ್ ಸುತ್ತದಂತೆ 15ರ ಪಾನಾದಲ್ಲಿ ಹಿಡಿದು, 13ರ ಬೋಲ್ಟುಗಳನ್ನು ಬಿಚ್ಚಿ. ಕ್ಯಾಲಿಪರನ್ನು ಬ್ರೇಕ್ ಹೋಸಿನ ಮೇಲೆ ಜೋತುಬಿಡಬೇಡಿ, ತಂತಿಯಲ್ಲಿ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ. ಧೂಳನ್ನು ಬಾಯಿಂದಾಗಲಿ ಕಂಪ್ರೆಸರ್ ಗಾಳಿಯಿಂದಾಗಲಿ ಊದಬೇಡಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ.

ಹಳೆ ಪ್ಯಾಡುಗಳನ್ನು ಎಸೆಯುವ ಮೊದಲು ಅಕ್ಕಪಕ್ಕ ಇಟ್ಟು ನೋಡಿ. ಉಕ್ಕಿನ ತಗಡು ಬಿಟ್ಟು ಬರೀ ಪ್ಯಾಡ್ 2 ಮಿ.ಮೀ.ಗೆ ಇಳಿದಿದ್ದರೆ ಆಯಸ್ಸು ಮುಗಿದಿದೆ ಎಂದರ್ಥ. ಅದಕ್ಕಿಂತ ಮುಖ್ಯ, ಅದು ಹೇಗೆ ಸವೆದಿದೆ ಎಂಬುದು. ಒಳಬದಿಯ ಪ್ಯಾಡ್ ತೆಳ್ಳಗಾಗಿ ಹೊರಬದಿಯದು ದಪ್ಪ ಉಳಿದಿದ್ದರೆ ಕ್ಯಾಲಿಪರ್ ಜಾರುವ ಗೈಡ್ ಪಿನ್ ಹಿಡಿದಿರುವ ಸಂಭವ ಹೆಚ್ಚು. ಓರೆಯಾಗಿ ಸವೆದಿದ್ದರೂ ಅನುಮಾನ ಅದೇ. ಒಂದು ಚಕ್ರದ ಎರಡೂ ಪ್ಯಾಡ್ ಇನ್ನೊಂದು ಚಕ್ರದವಕ್ಕಿಂತ ಬೇಗ ಮುಗಿದಿದ್ದರೆ ಆ ಬದಿಯ ಹ್ಯಾಂಡ್ ಬ್ರೇಕ್ ಕೇಬಲ್ ಬಿಗಿಯಾಗಿದೆಯೇ, ಲಿವರ್ ಪೂರ್ತಿ ಹಿಂದಕ್ಕೆ ಬರುತ್ತಿದೆಯೇ ನೋಡಿ. ಮೂಲ ಸರಿಮಾಡದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಮಳೆಗಾಲದಲ್ಲಿ ಓಡುವ ಕಾರುಗಳ ಪಿನ್ನುಗಳನ್ನು ಪ್ರತಿ ಬಾರಿಯೂ ಹೊರತೆಗೆದು ನೋಡುವುದು ಒಳ್ಳೆಯದು. ತುಕ್ಕು ಒರೆಸಿ, ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿ. ಸಾಮಾನ್ಯ ಬೇರಿಂಗ್ ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸಿ ಪಿನ್ ಮತ್ತೆ ಹಿಡಿಯುವಂತೆ ಮಾಡುತ್ತದೆ. ಡಿಸ್ಕಿನ ಕನಿಷ್ಠ ದಪ್ಪ ಅದರ ಮೇಲೆಯೇ ಮುದ್ರಿಸಿರುತ್ತದೆ. ಅದಕ್ಕಿಂತ ಕೆಳಗಿಳಿದಿದ್ದರೆ ಡಿಸ್ಕನ್ನೂ ಬದಲಿಸಿ.

ಟೂಲಿನ ಎರಡು ಮೊಳೆಗಳನ್ನು ಪಿಸ್ಟನ್ ಕಚ್ಚಿಗೆ ಕೂರಿಸಿ, ಒತ್ತುತ್ತಲೇ ನಿಧಾನವಾಗಿ ತಿರುಗಿಸಿ. ಲಾರಾದಲ್ಲಿ ಎರಡೂ ಬದಿ ಗಡಿಯಾರದ ಮುಳ್ಳಿನ ದಿಕ್ಕಿಗೇ. ಬೇರೆ ಕೆಲವು ಕಾರುಗಳಲ್ಲಿ ಎಡ, ಬಲ ಬೇರೆ ಬೇರೆ ದಿಕ್ಕು. ತಿರುಗಿಸುವಾಗ ಪಿಸ್ಟನ್ನಿನ ರಬ್ಬರ್ ಬೂಟ್ ಸುತ್ತಿಕೊಳ್ಳುತ್ತಿದ್ದರೆ ನಿಲ್ಲಿಸಿ, ಬೆರಳಲ್ಲಿ ಬಿಡಿಸಿ ಮುಂದುವರಿಸಿ. ಹರಿದ ಬೂಟಿನೊಳಗೆ ನೀರು ಹೋದರೆ ಪಿಸ್ಟನ್ ತುಕ್ಕು ಹಿಡಿಯುತ್ತದೆ. ಕೆಲವು ಕಾರುಗಳ ಪ್ಯಾಡ್ ಬೆನ್ನಿನಲ್ಲಿ ಸಣ್ಣ ಗುಬುಟು ಇರುತ್ತದೆ. ಹೋಂಡಾ ಸಿವಿಕ್ ಹಾಗಿನದು. ಅದು ಪಿಸ್ಟನ್ ಕಚ್ಚಿಗೆ ಸರಿಯಾಗಿ ಕೂರುವಂತೆ ಪಿಸ್ಟನ್ ನಿಲ್ಲಿಸಬೇಕು, ಇಲ್ಲದಿದ್ದರೆ ಪ್ಯಾಡ್ ಓರೆಯಾಗಿ ಕೂರುತ್ತದೆ.

ಪ್ಯಾಡ್ ಕೂರುವ ಜಾಗದ ತುಕ್ಕನ್ನು ಬ್ರಷ್‌ನಿಂದ ತೆಗೆದು, ಪ್ಯಾಡ್ ಕೈಯಲ್ಲೇ ಜಾರುವಂತಿರಲಿ. ಸುತ್ತಿಗೆ ಹಾಕಿ ಕೂರಿಸಬೇಕಾದರೆ ತುಕ್ಕು ಇನ್ನೂ ಇದೆ ಎಂದರ್ಥ. ಬೆನ್ನಿನ ಅಂಟಿಗೆ ಹಾಳೆ ಇದ್ದರೆ ತೆಗೆಯಿರಿ. ಪ್ಯಾಡ್ ಮುಖಕ್ಕೂ ಡಿಸ್ಕಿಗೂ ಗ್ರೀಸ್ ತಾಗಬಾರದು. ಕ್ಯಾಲಿಪರ್ ಕೂರಿಸಿ ಹೊಸ ಬೋಲ್ಟುಗಳನ್ನು 35 ನ್ಯೂಟನ್ ಮೀಟರಿಗೆ, ಚಕ್ರ ನೆಲಕ್ಕಿಳಿದ ಮೇಲೆ ಚಕ್ರದ ಬೋಲ್ಟುಗಳನ್ನು ಅಡ್ಡಡ್ಡವಾಗಿ 120 ನ್ಯೂಟನ್ ಮೀಟರಿಗೆ ಬಿಗಿಮಾಡಿ.

ಕಾರು ಒಂದು ಇಂಚು ಚಲಿಸುವ ಮೊದಲೂ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಪಿಸ್ಟನ್ ಈಗ ಡಿಸ್ಕಿನಿಂದ ದೂರ ಇದೆ, ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ. ಆಮೇಲೆ ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟು, ಎರಡೂ ಕ್ಯಾಲಿಪರ್ ಲಿವರ್ ತಮ್ಮ ತಡೆಗೆ ತಾಗಿ ನಿಲ್ಲುತ್ತವೆಯೇ ನೋಡಿ. ಬ್ರೇಕ್ ಆಯಿಲ್ ಮಟ್ಟವನ್ನು ಇನ್ನೊಮ್ಮೆ ಗಮನಿಸಿ.

ಮೊದಲ 200 ಕಿ.ಮೀ. ಗಟ್ಟಿ ಬ್ರೇಕ್ ಹಾಕುವ ಸಂದರ್ಭ ತಂದುಕೊಳ್ಳಬೇಡಿ, ಚಾರ್ಮಾಡಿ, ಶಿರಾಡಿಯಂಥ ಘಾಟಿ ಇಳಿಯುವ ಪ್ರಯಾಣವನ್ನು ಮುಂದೂಡಿ. ಒಂದಷ್ಟು ದೂರ ಓಡಿಸಿ ನಿಲ್ಲಿಸಿದಾಗ ಎರಡೂ ಹಿಂದಿನ ಚಕ್ರದ ರಿಮ್ ಹತ್ತಿರ, ಮುಟ್ಟದೆ, ಅಂಗೈ ಹಿಡಿದು ನೋಡಿ. ಒಂದು ಕಡೆ ಮಾತ್ರ ಕಾವು ಹೆಚ್ಚಿದ್ದರೆ ಆ ಬದಿಯ ಪಿನ್ನೋ ಕೇಬಲ್ಲೋ ಇನ್ನೂ ಹಿಡಿದಿದೆ, ಕಾರು ತಣ್ಣಗಾದ ಮೇಲೆ ಮತ್ತೆ ಬಿಚ್ಚಿ ನೋಡಬೇಕು.