ಗಂಟು ಬಿಟ್ಟ ಮೇಲೆ ಇಳಿದ ಶುಗರ್

ರಾತ್ರಿ ಚುಚ್ಚಿಕೊಳ್ಳುವ ಗ್ಲಾರ್ಜಿನ್ (ದಿನವಿಡೀ ನಿಧಾನಕ್ಕೆ ಕೆಲಸ ಮಾಡುವ ಇನ್ಸುಲಿನ್) 38 ಯೂನಿಟ್‌ಗೆ ಏರಿತ್ತು. ಆದರೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 200ರ ಆಸುಪಾಸು. ನಡುವೆ ಒಂದೊಂದು ದಿನ ನಸುಕಿನಲ್ಲಿ ಬೆವರು, ಕೈನಡುಕ. ಮೀಟರ್ ನೋಡಿದರೆ 60ರ ಹತ್ತಿರ. ಎರಡು-ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ 10ಕ್ಕೆ ಮುಟ್ಟಿತ್ತು. ಊರಿನ ಡಾಕ್ಟರು ಪ್ರತಿ ಸಲ ಎರಡೆರಡು ಯೂನಿಟ್ ಏರಿಸುತ್ತಿದ್ದರು. ಮೆಂತ್ಯದ ನೀರು, ಹಾಗಲಕಾಯಿ ರಸ, ಅನ್ನ ಬಿಟ್ಟು ಜೋಳದ ರೊಟ್ಟಿ, ಊಟದ ಮೇಲೆ ವಾಕಿಂಗ್, ಎಲ್ಲ ಮಾಡಿ ನೋಡಿದ್ದೆ. ವಾಕಿಂಗ್ ಸ್ವಲ್ಪ ಕೈ ಹಿಡಿಯಿತು. ಉಳಿದವುಗಳಿಂದ ಮೀಟರಿನ ಸ್ಟ್ರಿಪ್ ಖರ್ಚಾಗಿದ್ದಷ್ಟೇ ಬಂತು.

ಬೆಂಗಳೂರಿಗೆ ಹೋಗಿ ಎಂಡೋಕ್ರಿನಾಲಜಿಸ್ಟ್‌ಗೆ (ಶುಗರ್, ಹಾರ್ಮೋನ್ ತಜ್ಞರಿಗೆ) ತೋರಿಸುತ್ತೇನೆ ಅಂದಾಗ ಮನೆಯಲ್ಲಿ ಯಾರೂ ಒಪ್ಪಲಿಲ್ಲ. "ಅದೇ ಇನ್ಸುಲಿನ್ ಬರೀತಾರ, ಸುಮ್ನ ರೊಕ್ಕ ಯಾಕ ಕಳೀತೀಯೋ ತಮ್ಮಾ" ಅಂದ ಅಣ್ಣ. ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿಯೇಬಿಟ್ಟೆ.

ಅಲ್ಲಿನ ಡಾಕ್ಟರ್ ಮೇಡಂ ಫೈಲ್ ಬದಿಗಿಟ್ಟು, "ಎಲ್ಲಿ ಚುಚ್ಚಿಕೊಳ್ತೀರಿ, ತೋರಿಸಿ" ಅಂದರು. ಹೊಕ್ಕುಳ ಪಕ್ಕ ಎರಡು ಬೆರಳಿಟ್ಟು ಒತ್ತುತ್ತಾ ಹೋದರು. ಆಮೇಲೆ ನನ್ನ ಕೈಯನ್ನೇ ಅಲ್ಲಿಡಿಸಿದರು. ಬೇರೆ ಕಡೆ ಚರ್ಮ ಚಿವುಟಿದರೆ ತೆಳ್ಳಗೆ ಸಿಗುತ್ತದೆ. ಆ ಜಾಗದಲ್ಲಿ ಮಾತ್ರ ದಪ್ಪಗೆ, ರಬ್ಬರಿನ ಹಾಗೆ. ಎಡಕ್ಕೊಂದು, ಬಲಕ್ಕೊಂದು. ಒಂದೇ ಕಡೆ ಚುಚ್ಚುತ್ತಿದ್ದರೆ ಚರ್ಮದ ಕೆಳಗೆ ಕೊಬ್ಬು ಹೀಗೆ ಗಂಟು ಕಟ್ಟುತ್ತದೆ. ಅಲ್ಲಿ ನೋವು ಕಮ್ಮಿ, ಹಾಗಾಗಿ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ಒಳಗೆ ಹೋದ ಇನ್ಸುಲಿನ್ ಒಂದು ದಿನ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ, ಇನ್ನೊಂದು ದಿನ ಜಾಸ್ತಿ ಸೇರುತ್ತದೆ. ಅಷ್ಟು ವರ್ಷ ಯಾರೂ ಹೊಟ್ಟೆ ಮುಟ್ಟಿ ನೋಡಿರಲಿಲ್ಲ.

ಜಾಗ ಬದಲಿಸಿದ ದಿನವೇ ಡೋಸ್ 30ಕ್ಕೆ ಇಳಿಸಿದರು. ಒಳ್ಳೆ ಚರ್ಮಕ್ಕೆ ಅದೇ 38 ಹೋದರೆ ಶುಗರ್ ಪಾತಾಳಕ್ಕೆ ಬೀಳುತ್ತದೆ. ಇದನ್ನು ಡಾಕ್ಟರ್ ಇಲ್ಲದೆ ಮಾಡಲೇಬೇಡಿ. ನನಗೆ ಬರೆದುಕೊಟ್ಟ ಇಳಿಕೆಯ ಚೀಟಿಯನ್ನೂ ಇಲ್ಲಿ ಹಾಕುವುದಿಲ್ಲ, ಅದು ನನ್ನ ದೇಹದ ಲೆಕ್ಕ. ಮೊದಲ ವಾರ ರಾತ್ರಿ ಮೂರಕ್ಕೆ ಅಲಾರಾಂ ಇಟ್ಟು ಮೀಟರ್ ನೋಡುತ್ತಿದ್ದೆ. ಈಗ 24ರಲ್ಲಿ ನಿಂತಿದೆ. ಬೆಳಗಿನ ಶುಗರ್ 110–130, ಎಚ್‌ಬಿಎ1ಸಿ 7.2. ಮಾತ್ರೆ ಒಂದನ್ನೂ ಹೊಸದಾಗಿ ಸೇರಿಸಿಲ್ಲ.

ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗ, ಒಂದು ಚುಚ್ಚಿಗೂ ಇನ್ನೊಂದಕ್ಕೂ ಬೆರಳಗಲ ಅಂತರ. ಗಂಟಿನ ಜಾಗಕ್ಕೆ ಪೂರ್ತಿ ರಜೆ. ಯಾವ ವಾರ ಎಲ್ಲಿ ಅಂತ ಮರೆಯದಿರಲು ನನ್ನದೇ ಒಂದು ಉಪಾಯ ಇದೆ, ಅದು ನನಗಿರಲಿ.

ದುಡ್ಡಿನ ಮಾತು. ಪೆನ್ ಸೂಜಿ ಹದಿನೈದು ರೂಪಾಯಿ ಅಂತ ನಮ್ಮಲ್ಲಿ ಎಲ್ಲರೂ ಒಂದನ್ನೇ ವಾರಗಟ್ಟಲೆ ಓಡಿಸುತ್ತೇವೆ. ಮೊಂಡಾದ ಸೂಜಿಯಿಂದಲೂ ಗಂಟು ಬೆಳೆಯುತ್ತದೆ. ಈಗ ದಿನಾ ಹೊಸ 4 ಎಂಎಂ ಸೂಜಿ, ತಿಂಗಳಿಗೆ 450. ಆದರೆ ಪೆನ್ನಿಗೆ ಹಾಕುವ ಇನ್ಸುಲಿನ್ ಕಾರ್ಟ್ರಿಜ್‌ನಲ್ಲಿ ಇರುವುದು 300 ಯೂನಿಟ್. ಚುಚ್ಚುವ ಮುಂಚೆ ಗಾಳಿ ತೆಗೆಯಲು ಹೋಗುವ ಎರಡು ಯೂನಿಟ್ ಸೇರಿಸಿದರೆ ಮೊದಲು ಏಳು ದಿನಕ್ಕೆ ಮುಗಿಯುತ್ತಿತ್ತು, ಈಗ ಹನ್ನೊಂದು ದಿನ ಬರುತ್ತದೆ. ನಾನು ಕೊಳ್ಳುವ ಕಾರ್ಟ್ರಿಜ್‌ಗೆ 650ರ ಹತ್ತಿರ. ಸೂಜಿಯ ಖರ್ಚು ಕಳೆದೂ ತಿಂಗಳಿಗೆ ನಾಲ್ಕೈದು ನೂರು ಉಳಿಯುತ್ತಿದೆ. ಅಣ್ಣನಿಗೆ ಈ ಲೆಕ್ಕ ಕಾಗದದ ಮೇಲೇ ತೋರಿಸಿದೆ.

ಇನ್ನೊಂದು ಪ್ರಯೋಗವೂ ನಡೆದಿದೆ. ಬಳ್ಳಾರಿ ಬೇಸಿಗೆ ನಲವತ್ತು ದಾಟುತ್ತದೆ, ಬಳಸುತ್ತಿರುವ ಪೆನ್ 30 ಡಿಗ್ರಿ ಒಳಗಿರಬೇಕು. ಅದನ್ನಿಡಲು ದೊಡ್ಡ ಮಡಕೆಯೊಳಗೆ ಚಿಕ್ಕ ಮಡಕೆ, ನಡುವೆ ಒದ್ದೆ ಮರಳು, ಮೇಲೆ ಒದ್ದೆ ಬಟ್ಟೆ. ಏಪ್ರಿಲ್ ಮಧ್ಯಾಹ್ನ ಥರ್ಮಾಮೀಟರ್ ಇಟ್ಟರೆ ಒಳಗೆ 27–28. ಮೋಡ ಕವಿದ ದಿನ ಮಾತ್ರ ಅಷ್ಟು ತಣ್ಣಗಾಗಲಿಲ್ಲ.

ಬಲಗಡೆಯ ಗಂಟು ಆರೇಳು ತಿಂಗಳಲ್ಲಿ ಕರಗಿದೆ. ಎಡಗಡೆಯದು ಇನ್ನೂ ಕೈಗೆ ಸಿಗುತ್ತದೆ. ಮುಂದಿನ ಸಲ ಅಣ್ಣನೂ ಬರುತ್ತಾನಂತೆ, ಅವನೂ ಇನ್ಸುಲಿನ್ ಚುಚ್ಚಿಕೊಳ್ಳುವವನೇ, ಅವನ ಗಂಟು ತೊಡೆಯಲ್ಲಿದೆ.