ಮೊದಲು ರೀಫ್, ಆಮೇಲೆ ವಿಲ್ಲಾ: ಐಷಾರಾಮಿ ರಜೆಯಲ್ಲಿ ಸ್ಕೂಬಾ ಹೊಂದಿಸುವುದು ಹೇಗೆ?

ರೆಸಾರ್ಟ್ ಜಾಹೀರಾತುಗಳ ತಿಳಿ ಹಸಿರುನೀಲಿ ನೀರು ಡೈವರ್‌ಗೆ ಒಳ್ಳೆಯ ಸೂಚನೆಯೇನಲ್ಲ. ನೀರಿಗೆ ಆ ಬಣ್ಣ ಬರುವುದು ತಳದಲ್ಲಿ ಬಿಳಿ ಮರಳಿದ್ದು, ಆಳ ಎದೆಮಟ್ಟಕ್ಕೋ ಆಳೆತ್ತರಕ್ಕೋ ನಿಂತಾಗ. ಕಂಬ ನೆಟ್ಟು ವಾಟರ್ ವಿಲ್ಲಾ ಕಟ್ಟಲು ಇಂಥ ಲಗೂನೇ, ಅಂದರೆ ದ್ವೀಪದ ಸುತ್ತಲಿನ ಆಳವಿಲ್ಲದ ಶಾಂತ ನೀರೇ ಬೇಕು. ಆದರೆ ಹವಳ, ಆಮೆ, ಮೀನಿನ ಹಿಂಡು ಇರುವುದು ಲಗೂನ್ ಮುಗಿದು ನೆಲ ಕಡಿದಾಗಿ ಇಳಿಯುವ ಅಂಚಿನಲ್ಲಿ. ಹಾಗಾಗಿ ಅತಿ ಚೆಂದದ ವಿಲ್ಲಾ, ಅತಿ ಒಳ್ಳೆಯ ಹೌಸ್ ರೀಫ್ (ರೆಸಾರ್ಟ್‌ನ ದಡಕ್ಕೆ ಹೊಂದಿದ ಹವಳದ ದಿಬ್ಬ) ಎರಡೂ ಒಂದೇ ದ್ವೀಪದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಎರಡೂ ಬೇಕೆನ್ನುವವರು ಹುಡುಕಾಟವನ್ನು ರೀಫ್‌ನಿಂದ ಶುರು ಮಾಡಬೇಕು.

ಗೂಗಲ್ ಮ್ಯಾಪ್‌ನಲ್ಲಿ ದ್ವೀಪದ ಹೆಸರು ಹಾಕಿ ಸ್ಯಾಟಲೈಟ್ ನೋಟ ತೆರೆಯಿರಿ. ತಿಳಿಬಣ್ಣ ಮುಗಿದು ಕಡುನೀಲಿ ಶುರುವಾಗುವ ಗೆರೆಯೇ ರೀಫಿನ ಅಂಚು. ಕಂಪ್ಯೂಟರ್‌ನಲ್ಲಿ ಮೌಸ್‌ನ ಬಲಗುಂಡಿ ಒತ್ತಿದರೆ ದೂರ ಅಳೆಯುವ ಆಯ್ಕೆ ಬರುತ್ತದೆ. ದಡದಿಂದ ಆ ಗೆರೆಗೆ 50 ಮೀಟರ್ ಒಳಗಿದ್ದರೆ ನಡೆದುಹೋಗಿ ಡೈವ್ ಮಾಡಬಹುದು, ದೋಣಿ ಬಾಡಿಗೆ ಉಳಿಯುತ್ತದೆ. 300 ಮೀಟರ್ ದಾಟಿದರೆ ಪ್ರತಿ ಡೈವ್‌ಗೂ ದೋಣಿಯೇ ಗತಿ. ಮಾಲ್ದೀವ್ಸ್‌ನ ಕಡಿಮೆ ಆಳದ ಹವಳ 2016ರಲ್ಲಿ ನೀರು ಬಿಸಿಯಾಗಿ ಬಹುಮಟ್ಟಿಗೆ ಬಿಳಿಚಿ ಸತ್ತಿತ್ತು. ಆದ್ದರಿಂದ ರೆಸಾರ್ಟ್‌ನ ಹಳೆಯ ಫೋಟೊ ನಂಬದೆ, ಡೈವ್ ಸೆಂಟರ್‌ಗೇ ಮೇಲ್ ಹಾಕಿ ಈಚೆಗೆ ತೆಗೆದ ಚಿತ್ರ ಕೇಳಿ.

ಕಲಿಕೆ ಬೆಂಗಳೂರಿನಲ್ಲೇ ಮುಗಿಯಲಿ

ಸರ್ಟಿಫಿಕೇಟ್ ಇಲ್ಲದವರು ಡಿಸ್ಕವರ್ ಸ್ಕೂಬಾ ಎಂಬ ಪರಿಚಯದ ಡೈವ್ ಮಾಡಬಹುದು. ಅದರಲ್ಲಿ ಗರಿಷ್ಠ 12 ಮೀಟರ್, ಪಕ್ಕದಲ್ಲೇ ತರಬೇತುದಾರ. ಓಪನ್ ವಾಟರ್ ಕೋರ್ಸ್ ಮುಗಿಸಿದರೆ 18 ಮೀಟರ್, ಅಡ್ವಾನ್ಸ್‌ಡ್ ಆದರೆ 30. ಓಪನ್ ವಾಟರ್ ಕೋರ್ಸನ್ನು ರೆಸಾರ್ಟ್‌ನಲ್ಲೇ ಮೊದಲಿನಿಂದ ಮಾಡಹೊರಟರೆ, ದುಬಾರಿ ವಿಲ್ಲಾದಲ್ಲಿ ಕುಳಿತು ಎರಡು ದಿನ ಪಾಠದ ವಿಡಿಯೊ ನೋಡಬೇಕಾಗುತ್ತದೆ. ಅದರ ಬದಲು ಪಾಠ ಮತ್ತು ಈಜುಕೊಳದ ತರಬೇತಿಯನ್ನು ಬೆಂಗಳೂರಿನಲ್ಲೇ ವಾರಾಂತ್ಯದಲ್ಲಿ ಮುಗಿಸಿ, ರೆಫರಲ್ ಪತ್ರ ಪಡೆದುಕೊಳ್ಳಿ. ಕಡಲಿನ ನಾಲ್ಕು ಡೈವ್‌ಗಳನ್ನು 12 ತಿಂಗಳೊಳಗೆ ರಜೆಯ ಜಾಗದಲ್ಲಿ ಮುಗಿಸಬಹುದು. ಆದರೆ ರೆಸಾರ್ಟ್‌ನ ಸೆಂಟರ್ ಅದೇ ತರಬೇತಿ ಸಂಸ್ಥೆಯ, ಅಂದರೆ ಪ್ಯಾಡಿ ಅಥವಾ ಎಸ್‌ಎಸ್‌ಐ, ರೆಫರಲ್ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಕೋರ್ಸ್‌ಗೆ 200 ಮೀಟರ್ ಈಜು, 10 ನಿಮಿಷ ತೇಲುವುದು ಬರಲೇಬೇಕು.

ಆರೋಗ್ಯದ ಪ್ರಶ್ನಾವಳಿಯನ್ನು ಹೊರಡುವ ತಿಂಗಳ ಮೊದಲೇ ತುಂಬಿ ನೋಡಿ. ಆಸ್ತಮಾ, ಕಿವಿಯ ಶಸ್ತ್ರಚಿಕಿತ್ಸೆ, ಹೃದಯದ ತೊಂದರೆಯಂಥವಕ್ಕೆ ‘ಹೌದು’ ಎಂದರೆ ವೈದ್ಯರ ಸಹಿ ಬೇಕಾಗುತ್ತದೆ. ದ್ವೀಪಕ್ಕೆ ಹೋದಮೇಲೆ ಇದು ಗೊತ್ತಾದರೆ ಸಹಿಗಾಗಿ ಒಂದು ದಿನ ಕಳೆಯುತ್ತದೆ, ಕೆಲವೊಮ್ಮೆ ಡೈವ್ ಆಸೆಯನ್ನೇ ಬಿಡಬೇಕಾಗುತ್ತದೆ.

ಎಲ್ಲಿ, ಯಾವಾಗ

ಮಾಲ್ದೀವ್ಸ್‌ನಲ್ಲಿ ವರ್ಷವಿಡೀ ಡೈವ್ ನಡೆಯುತ್ತದೆ, ಆದರೆ ಯಾವ ಪ್ರಾಣಿ ಎಲ್ಲಿ ಎಂಬುದನ್ನು ಮುಂಗಾರು, ಹಿಂಗಾರುಗಳು ನಿರ್ಧರಿಸುತ್ತವೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾರುತದಿಂದ ಪ್ರವಾಹ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಪೂರ್ವದಂಚಿನ ಕಾಲುವೆಗಳಿಗೆ ಆಗ ತಿಳಿನೀರು ನುಗ್ಗುವುದರಿಂದ ಶಾರ್ಕ್‌ಗಳು ಅಲ್ಲಿರುತ್ತವೆ. ಪ್ಲಾಂಕ್ಟನ್ ಎಂಬ ಸೂಕ್ಷ್ಮಜೀವಿಗಳು ತೇಲಿಬರುವ ಪಶ್ಚಿಮದಂಚಿನಲ್ಲಿ ಮಂಟಾ ರೇ ಎಂಬ ದೊಡ್ಡ ಚಪ್ಪಟೆ ಮೀನುಗಳು. ಮುಂಗಾರಿನಲ್ಲಿ ಇದು ತಿರುಗುಮುರುಗು. ಬಾ ಅಟಾಲ್‌ನ (ಅಟಾಲ್ ಎಂದರೆ ಉಂಗುರದಂತೆ ಹರಡಿದ ಹವಳದ್ವೀಪಗಳ ಗುಂಪು) ಹನಿಫರು ಕೊಲ್ಲಿಗೆ ಮಂಟಾ ನೋಡಲು ಹೋಗುವುದಾದರೆ ಮೇನಿಂದ ನವೆಂಬರ್ ಕಾಲ. ಆದರೆ ಅಲ್ಲಿ ಸ್ಕೂಬಾ ನಿಷಿದ್ಧ, ಕೊಳವೆಯಲ್ಲಿ ಉಸಿರಾಡುತ್ತ ನೀರಿನ ಮೇಲ್ಮೈಯಲ್ಲಿ ಈಜುವ ಸ್ನಾರ್ಕೆಲ್ ಮಾತ್ರ. ಇದು ತಿಳಿಯದೆ ಡೈವ್ ಪ್ಯಾಕೇಜ್ ಕೊಂಡು ಬಾಯಿ ಬಡಿದುಕೊಳ್ಳುವವರಿದ್ದಾರೆ. ತಿಮಿಂಗಿಲ ಶಾರ್ಕ್ ಬೇಕೆಂದರೆ ದಕ್ಷಿಣ ಆರಿ ಅಟಾಲ್‌ನ ರೆಸಾರ್ಟ್‌ಗಳು ವರ್ಷಪೂರ್ತಿ ಸೂಕ್ತ. ದೇಶದ ಕಾಯ್ದೆ ಪ್ರಕಾರ ಮನರಂಜನೆಯ ಡೈವ್‌ಗೆ 30 ಮೀಟರೇ ಮಿತಿ.

ಅಂಡಮಾನ್‌ನಲ್ಲಿ ಜನವರಿಯಿಂದ ಮೇ ಮೊದಲರ್ಧದವರೆಗೆ ಕಡಲು ಶಾಂತ. ಸ್ವರಾಜ್ ದ್ವೀಪದಲ್ಲಿ, ಅಂದರೆ ಹ್ಯಾವ್‌ಲಾಕ್‌ನಲ್ಲಿ, ಒಂದು ಭೌಗೋಳಿಕ ತೊಡಕಿದೆ. ತಾಜ್ ಎಕ್ಸಾಟಿಕಾ ಇರುವ ರಾಧಾನಗರ ಬೀಚ್ ಪಶ್ಚಿಮಕ್ಕೆ, ಡೈವ್ ಸೆಂಟರ್‌ಗಳು ಹೆಚ್ಚಿರುವುದು ಜೆಟ್ಟಿ ಇರುವ ಮಗ್ಗುಲಲ್ಲಿ. ಅಲ್ಲಿ ಬೆಳಕು ಬೇಗ ಹರಿಯುವುದರಿಂದ ದೋಣಿಗಳೂ ನಸುಕಿನಲ್ಲೇ ಹೊರಡುತ್ತವೆ. ಬಫೆ ತೆರೆಯುವ ಹೊತ್ತಿಗೆ ನೀವು ಕಡಲಲ್ಲಿರುತ್ತೀರಿ. ಹಿಂದಿನ ರಾತ್ರಿಯೇ ಹೇಳಿ ತಿಂಡಿಯ ಪೊಟ್ಟಣ, ಟ್ಯಾಕ್ಸಿ ಎರಡನ್ನೂ ಗೊತ್ತು ಮಾಡಿಕೊಳ್ಳಿ. ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್ ಆಳದ ತಾಣಗಳು, ಅವಕ್ಕೆ ಅಡ್ವಾನ್ಸ್‌ಡ್ ಕೋರ್ಸ್ ಆಗಿದ್ದರೆ ಒಳ್ಳೆಯದು. ಹೊಸಬರಿಗೆ ನೆಮೊ ರೀಫ್ ಸಾಕು.

ಬಿಲ್ಲಿನ ಎರಡು ಪ್ಲಸ್‌ಗಳು

ಮಾಲ್ದೀವ್ಸ್ ದರಪಟ್ಟಿಯಲ್ಲಿ ಬೆಲೆಯ ಮುಂದೆ ಎರಡು ಪ್ಲಸ್ ಚಿಹ್ನೆ ಕಂಡರೆ ಲೆಕ್ಕ ಹೀಗೆ: 100 ಡಾಲರ್‌ಗೆ ಶೇ 10 ಸೇವಾಶುಲ್ಕ ಸೇರಿ 110, ಅದರ ಮೇಲೆ ಶೇ 17 ಪ್ರವಾಸೋದ್ಯಮ ತೆರಿಗೆ ಸೇರಿ 128 ಡಾಲರ್ 70 ಸೆಂಟ್. ತೆರಿಗೆ 2025ರ ಜುಲೈನಲ್ಲಿ ಶೇ 16ರಿಂದ ಈ ಮಟ್ಟಕ್ಕೆ ಏರಿತು, ಹಳೆಯ ಬ್ಲಾಗ್‌ಗಳ ಲೆಕ್ಕ ಈಗ ಹೊಂದದು. ರೆಸಾರ್ಟ್‌ಗಳಲ್ಲಿ ಹಸಿರು ತೆರಿಗೆ ಒಬ್ಬರಿಗೆ ರಾತ್ರಿಗೆ 12 ಡಾಲರ್, ಇಬ್ಬರಿಗೆ ಐದು ರಾತ್ರಿಗೆ 120. ‘ಆಲ್ ಇನ್‌ಕ್ಲೂಸಿವ್’ ಎಂದರೆ ಸಾಮಾನ್ಯವಾಗಿ ಊಟ, ಪಾನೀಯ ಅಷ್ಟೆ. ಡೈವ್ ದರ, ದೋಣಿ, ಸಲಕರಣೆ ಬಾಡಿಗೆ, ನೈಟ್ರಾಕ್ಸ್ ಪ್ರತಿಯೊಂದೂ ಬೇರೆ ಬೇರೆಯೇ ಎಂದು ಸಾಲುಸಾಲಾಗಿ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಆಮ್ಲಜನಕ ಹೆಚ್ಚಿರುವ ನೈಟ್ರಾಕ್ಸ್ ಕೆಲವೆಡೆ ಉಚಿತ; ಆದರೆ ಗಾಳಿಯನ್ನು ಬೇಗ ಖಾಲಿ ಮಾಡುವ ಹೊಸಬರಿಗೆ ಅದರಿಂದ ಹೆಚ್ಚೇನೂ ಲಾಭವಿಲ್ಲ.

ದಿನಗಳನ್ನು ಹಿಂದಿನಿಂದ ಎಣಿಸಿ

ಡೈವ್ ಮಾಡಿದಾಗ ನೈಟ್ರೊಜನ್ ರಕ್ತ, ಅಂಗಾಂಶಗಳಲ್ಲಿ ಕರಗುತ್ತದೆ. ಅದು ಉಸಿರಿನ ಮೂಲಕ ಹೊರಹೋಗುವ ಮುನ್ನ ಎತ್ತರಕ್ಕೇರಿದರೆ ಗುಳ್ಳೆಗಳಾಗಿ ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ತೊಂದರೆ ಮಾಡೀತು. ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆಗಿದ್ದರೆ 18 ಗಂಟೆ ವಿಮಾನ ಹತ್ತಬಾರದು. ಸೀಪ್ಲೇನ್‌ಗೂ ಇದನ್ನೇ ಪಾಲಿಸುವುದು ಕ್ಷೇಮ. ಬೆಳಿಗ್ಗೆ 7ಕ್ಕೆ ವಿಮಾನವಿದ್ದರೆ ಹಿಂದಿನ ದಿನ ಮಧ್ಯಾಹ್ನ 12ಕ್ಕೆ ಕೊನೆಯ ಡೈವ್ ಮುಗಿದಿರಬೇಕು, ಆಗ ನಡುವೆ 19 ಗಂಟೆ ಸಿಗುತ್ತದೆ.

ಹೋಗುವಾಗಿನ ಸಮಸ್ಯೆ ಬೇರೆ. ಸೀಪ್ಲೇನ್ ಹಾರುವುದು ಹಗಲಿನಲ್ಲಿ ಮಾತ್ರ. ಬೆಂಗಳೂರಿನ ವಿಮಾನ ಮಾಲೆ ತಲುಪುವುದು ಮಧ್ಯಾಹ್ನ ಮೂರೂವರೆ ದಾಟಿದರೆ ಒಂದು ರಾತ್ರಿ ಮಾಲೆಯಲ್ಲೇ ಕಳೆಯಬೇಕಾದೀತು, ರೆಸಾರ್ಟ್‌ಗೆ ಆ ರಾತ್ರಿಯ ಹಣ ಕಟ್ಟಿದ್ದರೂ. ಹೊತ್ತು ಹೊಂದದಿದ್ದರೆ ಸ್ಪೀಡ್‌ಬೋಟ್‌ನಲ್ಲಿ ತಲುಪಬಹುದಾದ ದ್ವೀಪ ಆರಿಸಿ. ಸೀಪ್ಲೇನ್‌ನಲ್ಲಿ ಸಾಮಾನ್ಯ ಲಗೇಜ್ ಮಿತಿ 20 ಕೆ.ಜಿ., ಕೈಚೀಲ 5 ಕೆ.ಜಿ. ಆದ್ದರಿಂದ ಸ್ವಂತದ್ದು ಎಂದರೆ ಮಾಸ್ಕ್, ಆಳ ಮತ್ತು ಸಮಯದ ಲೆಕ್ಕ ತೋರಿಸುವ ಡೈವ್ ಕಂಪ್ಯೂಟರ್ ಎರಡೇ ಒಯ್ದು ಉಳಿದದ್ದು ಬಾಡಿಗೆಗೆ ಪಡೆಯಿರಿ. ಕನ್ನಡಕದವರು ಪವರ್ ಗಾಜಿನ ಮಾಸ್ಕ್ ಮಾಡಿಸಿಕೊಳ್ಳುವುದು ವಾಸಿ. ಟಾರ್ಚ್‌ನ ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲಿರಲಿ. ಮಾಲ್ದೀವ್ಸ್‌ನ ಇಮುಗಾ ಎಂಬ ಪ್ರಯಾಣಿಕರ ಘೋಷಣೆ ಫಾರ್ಮನ್ನು ಪ್ರಯಾಣಕ್ಕೆ 96 ಗಂಟೆಯೊಳಗೆ ಅವರ ಸರ್ಕಾರಿ ತಾಣದಲ್ಲೇ ಉಚಿತವಾಗಿ ತುಂಬಿ.

ತಲುಪಿದ ಮೊದಲ ಡೈವ್ ಹೌಸ್ ರೀಫ್‌ನಲ್ಲಿ ನಿಮ್ಮ ಕೌಶಲ ನೋಡುವ ಚೆಕ್ ಡೈವ್ ಆಗಿರುತ್ತದೆ. ಅದನ್ನು ತಪ್ಪಿಸಲು ವಾದ ಮಾಡಬೇಡಿ. ಸ್ಪಾ ಬುಕಿಂಗನ್ನು ಡೈವ್ ಇಲ್ಲದ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಡೈವ್ ಮುಗಿದ ಕೂಡಲೇ ಗಟ್ಟಿಯಾಗಿ ಮೈ ತಿಕ್ಕಿಸಿಕೊಂಡರೆ, ಆಮೇಲಿನ ನೋವು ಮಸಾಜಿನದೋ ಗುಳ್ಳೆಯದೋ ಹೇಳುವುದು ಕಷ್ಟ. ಬಿಸಿನೀರಿನ ಜಕೂಝಿಯೂ ಕೆಲವು ಗಂಟೆ ಬೇಡ. ಮದ್ಯ ರಾತ್ರಿಗಿರಲಿ, ಅದೂ ಮಿತಿಯಲ್ಲಿ. ನಿರ್ಜಲೀಕರಣ ಅಪಾಯ ಹೆಚ್ಚಿಸುತ್ತದೆ. ನೆಗಡಿಯಿದ್ದರೆ ಮಾತ್ರೆ ನುಂಗಿ ಇಳಿಯುವುದೂ ಬೇಡ: ಆಳದಲ್ಲಿ ಅದರ ಪ್ರಭಾವ ಇಳಿದರೆ ಮೇಲೆ ಬರುವಾಗ ಕಿವಿ, ಸೈನಸ್‌ನಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ.

ಪ್ರವಾಸ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ, ಎಷ್ಟು ಮೀಟರ್‌ವರೆಗೆ, ಗುಳ್ಳೆಯ ತೊಂದರೆಗೆ ಕೊಡುವ ಒತ್ತಡ ಕೋಣೆಯ ಚಿಕಿತ್ಸೆ ಇದೆಯೇ ಎಂದು ಪಾಲಿಸಿಯಲ್ಲಿ, ಅದು ಪರಿಹಾರ ಕೊಡದ ಸಂಗತಿಗಳ ಪಟ್ಟಿಯಲ್ಲೂ ಹುಡುಕಿ. ಇಲ್ಲದಿದ್ದರೆ ಡೈವರ್‌ಗಳಿಗೆಂದೇ ಇರುವ ಡ್ಯಾನ್ ವಿಮೆ ಕೊಳ್ಳಿ. ಮಾಲ್ದೀವ್ಸ್‌ನಲ್ಲಿ ಬಂಡೋಸ್, ಕುರಮತಿ ದ್ವೀಪಗಳಲ್ಲಿ ಒತ್ತಡ ಕೋಣೆಗಳಿವೆ. ನಿಮ್ಮ ರೆಸಾರ್ಟ್‌ನಿಂದ ಅಲ್ಲಿಗೆ ರಾತ್ರಿ ಹೇಗೆ ಸಾಗಿಸುತ್ತಾರೆ ಎಂಬುದೂ ಕೇಳಬೇಕಾದ ಪ್ರಶ್ನೆ.

ದೊಡ್ಡ ಖರ್ಚಿಗೆ ಮುನ್ನ ಕಡಲು ಒಗ್ಗುತ್ತದೆಯೇ ನೋಡಬೇಕೆನ್ನುವವರಿಗೆ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪವಿದೆ. ಮಳೆಗಾಲ ಕಳೆದಮೇಲೆ ಹೋಗಬಹುದು. ಐಷಾರಾಮ ನಿರೀಕ್ಷಿಸಬೇಡಿ, ಬಣ್ಣದ ಮೀನುಗಳೇನೋ ಸಿಗುತ್ತವೆ. ಇಲ್ಲೊಂದು ಸಂಗತಿಯನ್ನು ಬೆಂಗಳೂರಿಗರು ಮರೆಯುತ್ತಾರೆ: ವಿಮಾನದ ಕಾಯುವ ನಿಯಮ ಸುಮಾರು 600 ಮೀಟರ್ ದಾಟಿದ ಎತ್ತರಕ್ಕೆಲ್ಲ ಲೆಕ್ಕ, ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ಬೆಳಿಗ್ಗೆ ಎರಡು ಡೈವ್ ಮಾಡಿ ಅದೇ ಸಂಜೆ ಸ್ಲೀಪರ್ ಬಸ್ ಹತ್ತಿ ಘಾಟಿ ಏರುವ ಬದಲು, ಶನಿವಾರ ಡೈವ್ ಮಾಡಿ ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಹೊರಡಿ.